ನನ್ನ ಸೆರಗಿನಲ್ಲಿ ಉಳಿದುಕೊಂಡ ಬಟ್ಟೆ ಸೋಪಿನವರಿಗೆ

ಶ್ರೀಯುತ ಬಟ್ಟೆ ಸೋಪಿನವರಿಗೆ,
ತೆಂಗಿನ ಚಿಪ್ಪು, ಒಗೆಯುವ ಕಲ್ಲಿನ ಎಡಬದಿ,
ಹೊಂಬಾಳಮ್ಮನವರ ಹಿತ್ತಲು, ದಂಡಿನಶಿವರ.

ಮಾನ್ಯರೇ,

ತಾವು ಆ ಚಿಪ್ಪಿನಲ್ಲಿ ನೀರು ನಿಂತು ಕರಗದೆ, ಕಾಗೆಯ ಕೊಕ್ಕಿಗೂ ಸಿಗದೆ ಕ್ಷೇಮವಾಗಿದ್ದೀರೆಂದು ನಂಬಿ, ಒದ್ದೆ ಕೈಗಳನ್ನು ಲಂಗಕ್ಕೆ ಒರೆಸಿಕೊಂಡು ನಮಸ್ಕರಿಸುತ್ತೇನೆ. ನಾನು ಹೊಂಬಾಳಮ್ಮನವರ ಮೊಮ್ಮಗಳು ನಯನ. ದಿನಾ ಬೆಳಿಗ್ಗೆ ತಮ್ಮ ಬೆನ್ನು ಸವರುವವಳಾದರೂ ಇದುವರೆಗೆ ತಮ್ಮೊಡನೆ ಒಂದು ಮಾತೂ ಆಡಿದವಳಲ್ಲ. ಬಸ್ಸಿನಲ್ಲಿ ನನ್ನ ಸ್ಟಾಪು ಬಂದರೂ ಕಂಡಕ್ಟರಿಗೆ ಹೇಳಲು ಸಂಕೋಚಪಟ್ಟು ಮುಂದಿನ ಸ್ಟಾಪಿನಲ್ಲಿ ಇಳಿದು ಹಿಂದಕ್ಕೆ ನಡೆದು ಬರುವ ನಾನು, ಊರೆಲ್ಲ ಓದುವಂತೆ ಪತ್ರ ಬರೆಯುವ ಮಟ್ಟಕ್ಕೆ ಬಂದಿದ್ದೇನೆಂದರೆ, ಅದು ತಮ್ಮ ಸಾಧನೆಯೇ ಹೊರತು ನನ್ನದಲ್ಲ.

ಮೊದಲಿಗೆ ತಮ್ಮ ಆಯುಸ್ಸಿಗೆ ನನ್ನ ಗೌರವ ಸಲ್ಲಲಿ. ಹುಟ್ಟಿದ್ದೆಲ್ಲ ಸವೆದು ಮುಗಿಯುತ್ತದೆ ಎಂದು ನಮಗೆ ಎಂ.ಎ. ತರಗತಿಯಲ್ಲಿ ಹೇಳಿಕೊಟ್ಟಿದ್ದರು. ಆದರೆ ತಾವು ಎಲೆಯಷ್ಟು ತೆಳ್ಳಗಾದ ಕೂಡಲೇ ನಮ್ಮಜ್ಜಿ ಹೊಸ ಸೋಪೊಂದನ್ನು ನೆನೆಸಿ, ಅದರ ಬೆನ್ನಿಗೆ ತಮ್ಮನ್ನು ಒತ್ತಿ, ಹೆಬ್ಬೆರಳಿನಿಂದ ಅಂಚು ತೀಡಿ, ನೆರಳಲ್ಲಿ ಆರಿಸಿ ಒಂದು ಮಾಡಿಬಿಡುತ್ತಾರಾದ್ದರಿಂದ, ನನ್ನ ತೊಟ್ಟಿಲ ಬಟ್ಟೆ ಒಗೆದ ಸೋಪಿನ ಯಾವುದೋ ಒಂದು ಕಣ ಇವತ್ತಿಗೂ ತಮ್ಮೊಳಗೆ ಇದ್ದೇ ಇದೆ. ಹಾಗೆ ನೋಡಿದರೆ ತಾವು ನಮ್ಮ ಮನೆಗೆ ಹಿರಿಯರು. ತಮ್ಮ ಮೇಲೆ ದೂರು ಬರೆಯುವುದು ಉದ್ಧಟತನವೆಂದು ಗೊತ್ತಿದ್ದೂ ಬರೆಯುತ್ತಿದ್ದೇನೆ.

ತಮಗೆ ಎದುರಾಳಿಯೂ ಇಲ್ಲ. ನಮ್ಮ ಗಂಗಾಧರ ಚಿಕ್ಕಪ್ಪ ಪ್ರೀತಿಯಿಂದ ತಂದುಕೊಟ್ಟ ವಾಷಿಂಗ್ ಮಷೀನನ್ನು ಅಜ್ಜಿ ಸುತ್ತಲೂ ತಟ್ಟಿ ನೋಡಿ, “ಇಲಿ ನುಗ್ಗಕ್ಕೆ ಒಂದ್ ಸಂದಿ ಇಲ್ಲ ಕಣೋ, ಚಿನ್ನದಂಥಾ ಡಬ್ಬ” ಎಂದು ಮೆಚ್ಚಿ, ಅದರ ತುಂಬ ಕೊಬ್ಬರಿ ಗಿಟುಕು ಸುರಿದು ಮುಚ್ಚಳ ಹಾಕಿದ್ದಾರೆ. ಊರ ಹೆಂಗಸರು ಬಂದರೆ ಮಷೀನು ತೋರಿಸುತ್ತಾರೆ, ಗಿಟುಕೂ ತೋರಿಸುತ್ತಾರೆ. ಒಗೆಯುವುದಕ್ಕೆ ಮಾತ್ರ ನನ್ನನ್ನು ತೋರಿಸುತ್ತಾರೆ.

ಇನ್ನು ಮುಖ್ಯ ವಿಷಯ. ನಮ್ಮ ಬೋರ್‌ವೆಲ್ಲಿನ ಗಡಸು ನೀರಿಗೆ ತಾವು ನೊರೆ ಕೊಡುವುದಿಲ್ಲವೆಂಬುದು ಇಡೀ ಹೋಬಳಿಗೆ ಗೊತ್ತು. ನೊರೆ ಬರಲಿಲ್ಲವೆಂದು ಅಜ್ಜಿ ಇನ್ನಷ್ಟು ತಿಕ್ಕಿಸುತ್ತಾರೆ. ತಿಕ್ಕಿದ್ದನ್ನು ನಾನು ಎರಡನೇ ಸಲ ಜಾಲಿಸಹೋದರೆ ಬಕೆಟ್ಟು ಕಿತ್ತುಕೊಂಡು, “ಸೋಪಿನ ವಾಸ್ನೆ ಒಸಿ ಉಳೀಲಿ ಬುಡೇ, ಇಲ್ದಿದ್ರೆ ನಾವು ಒಗ್ದಿದ್ದು ಜನಕ್ಕೆ ಹೆಂಗ್ ಗೊತ್ತಾಯ್ತದೆ?” ಎನ್ನುತ್ತಾರೆ. ಈ ಸಿದ್ಧಾಂತದ ಪ್ರಕಾರವೇ ನನ್ನ ಒಂದೇ ಒಂದು ಒಳ್ಳೆಯ ಕಾಟನ್ ಸೀರೆ, ತಿಳಿ ಹಸಿರಿನದು, ಕಳೆದ ವಾರ ತಮ್ಮ ಕೈಗೆ ಸಿಕ್ಕಿತು.

ಆ ಸೀರೆ ಉಟ್ಟು ನಾನು ಹೊರಟಿದ್ದು ತಿಪಟೂರಿನ ಒಂದು ಹೈಸ್ಕೂಲಿಗೆ. ಕನ್ನಡ ಮೇಡಂ ಕೆಲಸ ಖಾಲಿಯಿತ್ತು. ಒಂದು ಪಾಠ ಮಾಡಿ ತೋರಿಸಬೇಕು, ಒಪ್ಪಿದರೆ ಕೆಲಸ. ಒಪ್ಪದಿದ್ದರೆ ಕಲ್ಲಿನ ಪಕ್ಕದ ತಮ್ಮ ಸಹವಾಸವೇ ನನಗೆ ಕಾಯಂ ಎಂದು ಮನೆಯಲ್ಲಿ ಯಾರೂ ಹೇಳಿರಲಿಲ್ಲ, ಆದರೆ ಎಲ್ಲರಿಗೂ ಗೊತ್ತಿತ್ತು. ಕಿಬ್ಬನಹಳ್ಳಿ ಕ್ರಾಸಿನಲ್ಲಿ ಬಸ್ಸು ಬದಲಿಸಲು ನಿಂತಾಗ ಜಿಟಿಜಿಟಿ ಮಳೆ ಹಿಡಿಯಿತು. ಅಂಗಡಿಯ ತಗಡಿನ ಕೆಳಗೆ ಗಂಡಸರು ತುಂಬಿದ್ದರು. ಸ್ವಲ್ಪ ಸರಿಯಿರಿ ಎಂದು ಕೇಳಲು ನಾಚಿ ನಾನು ಹೊರಗೇ ನಿಂತು ನೆನೆದೆ. ಮಳೆ ನೀರು ಮೆತ್ತನೆಯದು. ನಮ್ಮ ಬೋರ್‌ವೆಲ್ಲಿಗೆ ಒಲಿಯದ ತಾವು ಅದನ್ನು ಕಂಡೊಡನೆ ಕರಗಿ ನೀರಾದಿರೆಂದು ಆಗ ನನಗೆ ತಿಳಿಯಲಿಲ್ಲ.

ಪಾಠದ ವಿಷಯ ಕನ್ನಡ ಸಂಧಿಗಳು. ಎಂಟನೇ ತರಗತಿ. ಹಿಂದಿನ ಬೆಂಚಿನಲ್ಲಿ ಹೆಡ್‌ಮಾಸ್ಟರು ಶ್ರೀರಂಗಯ್ಯನವರು ಕೈಕಟ್ಟಿ ಕುಳಿತಿದ್ದರು. “ಲೋಪ” ಎಂದೆ, ಮುಂದಿನ ಮಾತೇ ಲೋಪವಾಯಿತು. ಹೆದರಿಕೆಯಾದಾಗ ಸೆರಗಿನ ತುದಿ ಹಿಡಿದು ತಿರುಚುವುದು ನನ್ನ ಚಿಕ್ಕಂದಿನ ಅಭ್ಯಾಸ. ತಿರುಚಿದೆ, ಹಿಂಡಿದೆ, ಮತ್ತೆ ತಿರುಚಿದೆ. ಮಾನ್ಯರೇ, ಆಗ ತಾವು ಹೊರಬಂದಿರಿ. ಕಲ್ಲಿನ ಮೇಲೆ ನಾನು ಬೇಡಿಕೊಂಡಾಗ ಒಂದು ಗುಳ್ಳೆಯನ್ನೂ ಕೊಡದ ತಾವು, ನನ್ನ ಬೆರಳ ಸಂದಿಗಳಲ್ಲಿ ಬೆಳ್ಳಗೆ, ಹಾಲುಕ್ಕಿದಂತೆ, ಸದ್ದಿಲ್ಲದೆ, ಮೊಣಕೈವರೆಗೂ ಉಕ್ಕಿದಿರಿ.

“ಮಿಸ್, ನಿಮ್ ಕೈಯಾಗೆ ನೊರೆ ಬತ್ತೈತೆ!” ಎಂದಳು ಮೊದಲ ಬೆಂಚಿನ ಸಿಂಧು.

“ಇನ್ನೊಂದ್ ಕಿತ ಜಾಲುಸ್ಬೇಕಿತ್ತು ಕಣ್ಲಾ,” ಎಂದು ಸುದೀಪ್ ಎಂಬ ಹುಡುಗ ಪಕ್ಕದವನಿಗೆ ಹೇಳಿದ್ದು ಹೆಡ್‌ಮಾಸ್ಟರಿಗೂ ಕೇಳಿಸಿತು.

ಇಡೀ ತರಗತಿ ನಕ್ಕಿತು. ಓಡಿಹೋಗೋಣವೆಂದರೆ ಬಾಗಿಲು ಹೆಡ್‌ಮಾಸ್ಟರ ಪಕ್ಕದಲ್ಲಿತ್ತು. ಅವರನ್ನು ದಾಟಿ ಹೋಗುವುದಕ್ಕಿಂತ ಪಾಠ ಮಾಡುವುದೇ ಕಡಿಮೆ ನಾಚಿಕೆಯದೆಂದು ತೋರಿ, ನೊರೆ ತುಂಬಿದ ಕೈಯನ್ನೇ ಎತ್ತಿ ಹಿಡಿದೆ. ಹಳೇ ಸೋಪನ್ನು ಹೊಸ ಸೋಪಿಗೆ ಒತ್ತಿದಾಗ ನಡುವಿನ ಅಂಚು ಮಾಯವಾದರೆ ಅದು ಲೋಪ. ಕೊಳೆ ಹೋದ ಜಾಗಕ್ಕೆ ಸೋಪೇ ಬಂದು ಕುಳಿತರೆ ಆದೇಶ. ಸೀರೆಯಲ್ಲೂ ಇಲ್ಲದ, ಮಳೆಯಲ್ಲೂ ಇಲ್ಲದ ನೊರೆ ಇವೆರಡೂ ಸೇರಿದಾಗ ಹೊಸದಾಗಿ ಬಂದರೆ, ಇಗೋ ಇದು, ಆಗಮ ಎಂದೆ. ನನ್ನ ಗಂಟಲಿನಿಂದ ಅಷ್ಟು ದೊಡ್ಡ ದನಿ ಬಂದಿದ್ದನ್ನು ನಾನೇ ಮೊದಲ ಸಲ ಕೇಳಿದೆ. ಮಕ್ಕಳು ತಮ್ಮ ತಮ್ಮ ಮನೆಯ ಸೋಪುಗಳನ್ನೆಲ್ಲ ಮಾತಿಗೆ ಎಳೆದು ತಂದು ಸಂಧಿ ಬಿಡಿಸತೊಡಗಿದರು. ಸುದೀಪನಂತೂ ತನ್ನ ಅಂಗಿಯಲ್ಲಿ ಮೂರೂ ಇವೆಯೆಂದು ಎದ್ದು ನಿಂತ.

ಹೆಡ್‌ಮಾಸ್ಟರು ಕೊನೆಯಲ್ಲಿ ಹೇಳಿದ್ದಿಷ್ಟೆ: “ಸೋಮ್ವಾರದಿಂದ ಬನ್ನಿ ಕಣಮ್ಮ. ಬರುವಾಗ ಒಣಗ್ಕೊಂಡ್ ಬನ್ನಿ.”

ಕೆಲಸ ಕೊಡಿಸಿದ್ದಕ್ಕೆ ಧನ್ಯವಾದ ಹೇಳುವುದು ಬಿಟ್ಟು ಇದೆಂಥ ದೂರು ಎಂದು ತಾವು ಕೇಳಬಹುದು. ಆ ಧನ್ಯವಾದವನ್ನು ಅಜ್ಜಿ ತಮ್ಮ ಪರವಾಗಿ ಆಗಲೇ ಸ್ವೀಕರಿಸಿ, “ಸೀರೆ ಮಡಿಯಾಗಿದ್ದಕ್ಕೇ ಕಣೇ ಕೆಲ್ಸ ಸಿಕ್ಕಿದ್ದು” ಎಂದು ಬೀದಿಗೆಲ್ಲ ಸಾರಿದ್ದಾರೆ. ಆದ್ದರಿಂದ ನನ್ನದು ಬರೀ ಬೇಡಿಕೆಗಳು. ತಾವು ಇನ್ನು ಮುಂದೆ ನೊರೆಯನ್ನು ಮನೆಯಲ್ಲಿಯೇ ಖರ್ಚು ಮಾಡತಕ್ಕದ್ದು. ಸಾಧ್ಯವಾದರೆ ತಮ್ಮದೇ ಎರಡು ಕೈ ಬೆಳೆಸಿಕೊಂಡು ಬೆಡ್‌ಶೀಟುಗಳನ್ನು ತಾವೇ ತಿಕ್ಕಿ, ಜಾಲಿಸಿ, ಹಿಂಡಿ ಹರವಿ, ನಾನು ಏಳುವಷ್ಟರಲ್ಲಿ ಚಿಪ್ಪಿಗೆ ಮರಳಿರಬೇಕು. ಅದೂ ಆಗದಿದ್ದರೆ, ಮುಂಗಾರಿನಲ್ಲಿ ನನ್ನ ಜೊತೆ ಬಸ್ಸು ಹತ್ತುವಾಗ ತಮ್ಮ ಟಿಕೆಟ್ಟನ್ನು ತಾವೇ ಕೇಳಿ ಪಡೆಯಬೇಕಾಗಿ ವಿನಂತಿ. ಇಬ್ಬರ ಪರವಾಗಿ ಮಾತಾಡುವ ಧೈರ್ಯ ನನಗಿನ್ನೂ ಬಂದಿಲ್ಲ.

ಸಾಕಷ್ಟು ಜಾಲಿಸಲ್ಪಡದ,
ತಮ್ಮ ವಿಶ್ವಾಸಿ,
ನಯನ

ಮರೆತ ಮಾತು: ಹೆಡ್‌ಮಾಸ್ಟರ ಅಂಗಿಯ ಕಾಲರಿಗೆ ಕಪ್ಪು ಗೆರೆಯಿತ್ತೆಂದು ಮನೆಯಲ್ಲಿ ಬಾಯಿತಪ್ಪಿ ಹೇಳಿಬಿಟ್ಟೆ. ಅಜ್ಜಿ ತಮ್ಮನ್ನು ಅರ್ಧಕ್ಕೆ ಕತ್ತರಿಸಿ, ಪೇಪರಿನಲ್ಲಿ ಸುತ್ತಿ, “ಪಾಪ, ಅವ್ರಿಗ್ ಕೊಡೇ, ನಮ್ಮಜ್ಜಿ ಕೊಟ್ರು ಅನ್ನು. ಯಾಕೆ ಅಂದ್ರೆ ಕಾಲರ್ ತೋರ್ಸು” ಎಂದು ನನ್ನ ಬ್ಯಾಗಿಗೆ ಹಾಕಿದ್ದಾರೆ. ನಾಳೆ ಸೋಮವಾರ. ಬಸ್ಸಿನ ಸೀಟಿನ ಕೆಳಗೆ ತಾವಾಗಿಯೇ ಜಾರಿ ಕಳೆದುಹೋಗುವ ದೊಡ್ಡ ಮನಸ್ಸು ಮಾಡಿದರೆ, ಮೇಲಿನ ಎಲ್ಲ ದೂರುಗಳನ್ನೂ ಹಿಂಪಡೆಯುತ್ತೇನೆ. ಜಾರುವುದು ತಮಗೆ ಹೊಸದೇನಲ್ಲವಲ್ಲ.