ಗಾದಿಯ ಕೆಳಗಿನ ಘರಪಟ್ಟಿ

ವಯಸ್ಸಾದಂತೆ ಮನುಷ್ಯನ ಬಳಿ ನೋವುಗಳೂ ಕಾಗದಗಳೂ ಹೆಚ್ಚುತ್ತ ಹೋಗುತ್ತವೆ. ಇವೆರಡಕ್ಕೂ ಪರಸ್ಪರ ಸಂಬಂಧವಿರಬಹುದೆಂಬುದು ಈ ವರ್ಷದವರೆಗೂ ನನ್ನ ಗಮನಕ್ಕೆ ಬಂದಿರಲಿಲ್ಲವೆಂದು ಓದುಗರಲ್ಲಿ ಸವಿನಯವಾಗಿ ನಿವೇದಿಸಿಕೊಳ್ಳುತ್ತೇನೆ. ಕಚೇರಿ ಪತ್ರಗಳ ಹೊರತು ಬೇರೇನೂ ಬರೆದವನಲ್ಲ. ಲೋಪದೋಷಗಳಿದ್ದಲ್ಲಿ ಮನ್ನಿಸಬೇಕಾಗಿ ಕೋರಿಕೆ.

ಖಾನಾಪುರದಲ್ಲಿರುವ ನಮ್ಮ ಹಿರಿಯರ ಮನೆಯ ಘರಪಟ್ಟಿ, ಅಂದರೆ ಮನೆ ತೆರಿಗೆ, ಕಟ್ಟಿದ ಪಾವತಿ ರಸೀದಿಗಳನ್ನೆಲ್ಲ ನಾನು ಬೆಳಗಾವಿಯ ಮನೆಯಲ್ಲಿ, ನಾನು ಮಲಗುವ ಗಾದಿಯ ಕೆಳಗೆ ಕಾಪಾಡಿಕೊಂಡು ಬಂದಿದ್ದೇನೆ. ಕಪಾಟಿನಲ್ಲಿಟ್ಟರೆ ನಮ್ಮ ಮಳೆಗಾಲಕ್ಕೆ ಬೂಸಲು ಹಿಡಿಯುತ್ತದೆ. ಮೈಯ ಕಾವು ತಗಲುತ್ತಿದ್ದರೆ ಕಾಗದ ಗರಿಗರಿಯಾಗಿರುತ್ತದೆ. ಇದು ತಂದೆಯವರಿಂದ ನನಗೆ ಬಂದ ಪದ್ಧತಿ. ಕಾಲಾನುಕ್ರಮದಲ್ಲಿ ವರಮಾನ ತೆರಿಗೆಯ ಕಾಗದಗಳೂ ಅಲ್ಲಿಗೇ ಸೇರಿ, ಗಾದಿಯ ನಡುವೆ ಒಂದು ಸಣ್ಣ ಗುಡ್ಡವೆದ್ದಿತು. ಬೆನ್ನುನೋವೂ ಆರಂಭವಾಯಿತು. ಅದನ್ನು 'ವಯೋಸಹಜ' ಎಂದು ಷರಾ ಬರೆದು ಮುಕ್ತಾಯಗೊಳಿಸಿದ್ದೆ.

"ಯಾರ ಕೇಳ್ತಾರ್ರೀ ಇವನ್ನ? ರದ್ದಿಗೆ ಹಾಕ್ರಿ," ಎನ್ನುವುದು ನನ್ನ ಪತ್ನಿ ಶಾರದೆಯ ಹಳೆಯ ಬೇಡಿಕೆ. ಈ ಸಲ ಆಕೆ ಗಡುವನ್ನೇ ವಿಧಿಸಿದಳು: ದೀಪಾವಳಿಯೊಳಗೆ ಯಾರೂ ಕೇಳದಿದ್ದರೆ ಎಲ್ಲವೂ ರದ್ದಿಯವನ ಪಾಲು. ನಾನು ಒಪ್ಪಿದೆ. ಒಪ್ಪಿದಂದಿನಿಂದ, ಯಾರಾದರೂ ಒಂದೇ ಒಂದು ಪಾವತಿ ಕೇಳಲಪ್ಪಾ ಎಂದು ಹಾರೈಸುವುದೇ ನನ್ನ ದಿನಚರಿಯಾಯಿತು.

ದೀಪಾವಳಿ ಹತ್ತಿರ ಬಂದಾಗ ಖಾನಾಪುರದ ಆ ಮನೆಯಲ್ಲೇ ವಾಸವಿರುವ ನನ್ನ ತಮ್ಮ ಬಸವರಾಜನ ಫೋನು ಬಂತು. "ಅಣ್ಣಾ, ಮನಿ ದುರಸ್ತಿಗೆ ಬ್ಯಾಂಕಿನ್ಯಾಗ ಸಾಲ ಕೇಳೇನಿ. ಅವರ ವಕೀಲರು ಹಳೇ ಘರಪಟ್ಟಿ ಪಾವತಿ ಬೇಕಂತಾರ. ನನ್ನ ಹಂತೇಕ ಒಂದೂ ಇಲ್ಲ."

"ಯಾವ ವರ್ಷದ್ದು ಬೇಕು? ಹೇಳು, ಯಾವ ವರ್ಷದ್ದು!" ಎಂದು ನಾನು ಕೂಗಿದ ರಭಸಕ್ಕೆ ಶಾರದೆ ರೊಟ್ಟಿಯ ಹಿಟ್ಟಿನ ಕೈಯಲ್ಲೇ ಓಡಿಬಂದಳು. ಆ ಕ್ಷಣದ ಆನಂದವನ್ನು ವಿವರಿಸಲು ನಾನು ಅಶಕ್ತನಾಗಿದ್ದೇನೆ! ಗಾದಿ ಎತ್ತಿ, ಕಟ್ಟುಗಳನ್ನೆಲ್ಲ ಕೋಣೆಯ ತುಂಬ ಹರಡಿ, ಬೇಕಾದ ಪಾವತಿಯನ್ನು ಸಂಜೆಯೊಳಗೆ ಪತ್ತೆಹಚ್ಚಿದೆ. ಮರುದಿನ ಖಾನಾಪುರದಲ್ಲಿ ವಕೀಲರು ಅದನ್ನು ಬೆಳಕಿಗೆ ಹಿಡಿದು, "ಭಾರೀ ಜ್ವಾಕಿ ಮಾಡೀರಿ ಬಿಡ್ರಿ ಕಾಕಾ," ಎಂದರು. ನನ್ನ ಜೊತೆ ಬಂದು ಹೊರಗೆ ಕುಳಿತಿದ್ದ ಶಾರದೆಯನ್ನು ಒಳಗೆ ಕರೆದು, ಈ ಮಾತನ್ನು ಆಕೆಯ ಎದುರು ಇನ್ನೊಮ್ಮೆ ಹೇಳಬೇಕೆಂದು ಅವರನ್ನು ವಿನಂತಿಸಿಕೊಂಡೆ. ಹೇಳಿದರು.

ವಾಪಸು ಬರುವಾಗ ಬಸ್ಸಿನಲ್ಲಿ ಶಾರದೆ ನನ್ನನ್ನೇ ದಿಟ್ಟಿಸುತ್ತಿದ್ದಳು. "ಏನ್ರಿ, ಇವತ್ತ ಮುಂಜಾನೆ ಏಳೂವಾಗ 'ಅಯ್ಯಪ್ಪಾ' ಅನ್ನಲೇ ಇಲ್ಲಲ್ಲ ನೀವು?"

ಹೌದು, ಅಂದಿರಲಿಲ್ಲ. ಕಟ್ಟುಗಳು ಇನ್ನೂ ಕೋಣೆಯಲ್ಲೇ ಹರಡಿದ್ದರಿಂದ ಹಿಂದಿನ ರಾತ್ರಿ ಬರಿಯ ಗಾದಿಯ ಮೇಲೆ ಮಲಗಿದ್ದೆ.

"ಪಾವತಿ ಇಳದ್ವು, ನೋವೂ ಇಳೀತು. ಈಗ ಖರೇ ಹೇಳ್ರಿ, ನಿಮಗ ಬೆನ್ನ ಬೇಕೋ, ಪಾವತಿ ಬೇಕೋ?"

ಸುದೀರ್ಘ ಪರಿಶೀಲನೆಯ ನಂತರ ಎರಡೂ ಬೇಕೆಂದು ತೀರ್ಮಾನಿಸಿದೆ. ಅದರನ್ವಯ ಈಗ ಕಾಗದಗಳು ಮಂಚದ ಮೇಲಿವೆ. ನಾನು ಕೆಳಗೆ ಚಾಪೆಯ ಮೇಲಿದ್ದೇನೆ. ಬೆನ್ನಿನ ದೂರು ಇತ್ಯರ್ಥಗೊಂಡಿದೆ. ನೆಲದಿಂದ ಏಳುವ ಬಗ್ಗೆ ಮೊಣಕಾಲುಗಳಿಂದ ಹೊಸ ತಕರಾರು ಸ್ವೀಕೃತವಾಗಿದೆ.

ಮೊದಲ ರಾತ್ರಿ ಶಾರದೆ ಬಾಗಿಲಲ್ಲಿ ನಿಂತು ಮಂಚವನ್ನೂ ನನ್ನನ್ನೂ ನೋಡಿದಳು. "ಥಂಡಿ ಐತಿ. ಅವಕ್ಕ ಕೌದಿ ಹೊಚ್ಚಲೇನ್ರಿ?"

ಅದು ಕುಚೋದ್ಯವೆಂದು ನನಗೆ ತಿಳಿಯದೆ ಇರಲಿಲ್ಲ. ಆದರೆ ಮೈಯ ಕಾವು ತಪ್ಪಿದ ಕಾಗದಗಳ ಸ್ಥಿತಿಯನ್ನು ಪರಿಗಣಿಸಿ, ಸದರಿ ಸಲಹೆಯನ್ನು ಅಂಗೀಕರಿಸಲಾಯಿತು. ಮನೆಯಲ್ಲಿರುವುದು ಶಾರದೆಯದೊಂದು, ನನ್ನದೊಂದು, ಹೀಗೆ ಎರಡೇ ಕೌದಿಗಳಾದ ಕಾರಣ, ನಾನು ಪಂಚೆ ಹೊದ್ದು ಮಲಗಿದ್ದೇನೆ.