ಮೊದಲು ಕಾಕಾ, ಆಮೇಲೆ ಪೇಶಂಟು

ಯಮ ನನ್ನನ್ನು ಕರೆದೊಯ್ಯಲು ಬಂದರೂ ನಮ್ಮ ಕಾಕಾ ಸುಮ್ಮನೆ ಕಳಿಸುವವರಲ್ಲ. ಮೊದಲು ತಾವೇ ಕೋಣದ ಬೆನ್ನೇರಿ ಒಂದು ಸುತ್ತು ಹೊಡೆದು, ‘ಇದು ಭಾಳ ಅಲಗಾಡತೈತಿ, ಬ್ಯಾರೇದು ತಗೊಂಡ ಬರ್ರಿ’ ಎಂದು ವಾಪಸು ಅಟ್ಟಿಯಾರು!

ವಾಯುಸೇನೆಯಲ್ಲಿ ವಿಮಾನ ರಿಪೇರಿ ಮಾಡುತ್ತಿದ್ದವರು, ನಿವೃತ್ತರಾದ ಮೇಲೆ ನಾಗಪುರದ ವಾಡಿ ಬಡಾವಣೆಯಲ್ಲೇ ಉಳಿದರು. ತಾವು ಪರೀಕ್ಷಿಸದ ವಸ್ತುವನ್ನು ಮನೆಯವರಾರೂ ಮುಟ್ಟಕೂಡದು. ಇತವಾರಿ ಪೇಟೆಗೆ ಗಾದಿ ಕೊಳ್ಳಲು ಹೋಗಿ ಅಂಗಡಿಯಲ್ಲೇ ಗೊರಕೆ ಹೊಡೆದ ಮಹಾನುಭಾವರು! ಇಂಥವರು ನನ್ನ ಆಪರೇಷನ್ನಿಗೆ ಜೊತೆಯಾಗಿ ಬಂದರೆ ಹೇಗಿರಬೇಡ?

ನನ್ನ ಕುತ್ತಿಗೆಯಲ್ಲಿ ಥೈರಾಯ್ಡ್ ಗಡ್ಡೆ. ತೆಗೆಯಲೇಬೇಕು, ಆದರೆ ದನಿಯ ನರ ಪಕ್ಕದಲ್ಲೇ ಇದೆ, ಅಪರೂಪಕ್ಕೆ ದನಿ ಹೋಗುವುದೂ ಉಂಟು ಎಂದಿದ್ದರು ಡಾಕ್ಟರು. ನಾನೋ ಶಾಲೆಯಲ್ಲಿ ಪಾಠ ಹೇಳಿ ಬದುಕುವವಳು. ಆ ಅಪರೂಪ ನನ್ನ ಪಾಲಿಗೇ ಬಂದರೆ? ಹೆದರಿಕೆಯಿಂದ ಅರ್ಧ ಜೀವವಾಗಿದ್ದೆ.

ಕಾಕಾಗೆ ಅದೆಲ್ಲ ಎಲ್ಲಿ! ನನಗೆಂದು ತಂದ ಗಾಲಿಕುರ್ಚಿಯಲ್ಲಿ ತಾವು ಕೂತು ವರಾಂಡವೆಲ್ಲ ಸುತ್ತಿದರು. ನರ್ಸು ಗಾಬರಿಯಾಗಿ, ‘ಕಾಕಾ, ಪೇಶಂಟ್ ತುಮ್ಹೀ ಕಾ?’ ಪೇಶಂಟು ನೀವೇನಾ ಎಂದು ಮರಾಠಿಯಲ್ಲಿ ಕೇಳಿದಳು.

‘ನಾಹೀ ನಾಹೀ, ಮೀ ಟೆಸ್ಟಿಂಗ್!’

ನಾನು ಆಸ್ಪತ್ರೆಯ ಗೌನು ತೊಟ್ಟು ಬರುವಷ್ಟರಲ್ಲಿ ನನ್ನ ಮಂಚದ ಮೇಲೆ ಹೊದ್ದು ಮಲಗಿದ್ದರು.

‘ಕಾಕಾ, ಏಳ್ರಿ! ಕುತ್ತಿಗಿ ಕೊಯ್ಸಿಕೊಳ್ಳಾಕಿ ನಾನು!’ ರೇಗಿಯೇಬಿಟ್ಟೆ.

‘ತಡಿಯವಾ, ಕಾಲ್ಕಡೆ ಸ್ವಲ್ಪ ತಗ್ಗೈತಿ,’ ಎನ್ನುತ್ತಾ ಎದ್ದರು.

ಬಿಪಿ ಮಷೀನು ಬಂತು. ‘ಬರೋಬರ್ ಐತೇನು ನೋಡ್ತೀನಿ,’ ಎಂದು ತೋಳು ಚಾಚಿದರು. ನನ್ನದು ತುಸುವೇ ಏರಿತ್ತು. ಅವರದನ್ನು ನೋಡಿದ ನರ್ಸು ಅವರನ್ನೇ ಅಡ್ಮಿಟ್ ಮಾಡಲು ಹೊರಟಳು! ‘ಮಷೀನಾ ಕೆಟ್ಟೈತಿ,’ ಎಂದು ಕಾಕಾ ತೀರ್ಪು ಕೊಟ್ಟರು. ಆ ಆತಂಕದಲ್ಲೂ ನನಗೆ ನಗು ತಡೆಯಲಾಗಲಿಲ್ಲ.

ಆಪರೇಷನ್ ಥಿಯೇಟರಿನ ಬಾಗಿಲಲ್ಲಿ ಮಾತ್ರ ಅವರನ್ನು ತಡೆದರು. ಕಾಕಾ ಒಳಗೆ ಇಣುಕಿದರು, ನನ್ನ ಮುಖ ನೋಡಿದರು, ಸ್ಟ್ರೆಚರಿನ ಗಾಲಿಯನ್ನೂ ಪರೀಕ್ಷಿಸದೆ ಹಿಂದೆ ಸರಿದರು.

ವಾರ್ಡಿಗೆ ತಂದ ಮೇಲೆ ಎಚ್ಚರವಾದಾಗ ಗಂಟಲು ಉರಿಯುತ್ತಿತ್ತು. ಡಾಕ್ಟರು ಬಗ್ಗಿ, ‘ಕುಛ್ ಬೋಲಿಯೇ,’ ಎಂದು ಮಾತಾಡಿಸಿ ನೋಡಿದರು. ನಾನು ಬಾಯಿ ತೆರೆಯುವ ಮೊದಲೇ ಕಾಕಾ ನಡುವೆ ನುಗ್ಗಿದರು.

‘ಆಜ್ ನಹೀ, ಡಾಕ್ಟರ್ ಸಾಬ್! ಕಲ್ ದೇಖೇಂಗೆ!’

ಉಪ್ಪಿನಕಾಯಿಯಿಂದ ಹಿಡಿದು ಸ್ಕೂಟರಿನ ತನಕ ಎಲ್ಲವನ್ನೂ ಅಲ್ಲೇ, ಆಗಲೇ ಪರೀಕ್ಷಿಸುವ ಮನುಷ್ಯ ‘ನಾಳೆ’ ಎನ್ನುತ್ತಿದ್ದಾರೆ! ನನ್ನ ಕೈ ಹಿಡಿದು ಕಿವಿಯ ಬಳಿ ಬಗ್ಗಿದರು.

‘ಇವತ್ತ ಬ್ಯಾಡವಾ. ದನಿ ಬರಲಿಲ್ಲಂದ್ರ ಹೋಗ್ಲಿ ಬಿಡು. ನಾ ದಿನಾ ನಿನ್ನ ಜೋಡಿ ಸಾಲಿಗೆ ಬರ್ತೀನಿ. ನೀ ಬೋರ್ಡಿನ ಮ್ಯಾಲೆ ಬರಿ, ನಾ ಒದರ್ತೀನಿ. ನನ್ನ ದನಿ ಐತಲ್ಲ!’

ನನಗೆ ಅಳು ಉಕ್ಕಿ ಬಂತು. ಉಸಿರು ಎಳೆದುಕೊಂಡು, ‘ಕಾಕಾ,’ ಎಂದೆ. ಒಡಕು ದನಿ, ಆದರೆ ನನ್ನದೇ.

ಓಗೊಡಲು ಕಾಕಾ ಬಾಯಿ ತೆರೆದರು. ಅವರ ದನಿಯೇ ಹೊರಡಲಿಲ್ಲ.