ಇಬ್ಬರ ಉಸಿರು

ಲೌಸ್ಟ್‌ನ ಮಲಗುವ ಕೋಣೆಯ ಗೋಡೆಗೆ ಅಂಟಿಸಿದ್ದ ಆ ಬಿಳಿ ಡಬ್ಬಿ ಸೋಪಿನ ಪೆಟ್ಟಿಗೆಗಿಂತ ದೊಡ್ಡದೇನಲ್ಲ. ಅದಕ್ಕೆ ಕಣ್ಣಿಲ್ಲ, ಕಿವಿಯಿಲ್ಲ. ಕೋಣೆಯಲ್ಲಿರುವವರು ಹೊರಬಿಟ್ಟ ಉಸಿರು ಎಷ್ಟು ಸೇರಿಕೊಂಡಿದೆ ಎಂದು ಅಳೆಯುವುದಷ್ಟೇ ಅದರ ಕೆಲಸ. ಆದರೆ ಇಷ್ಟು ವರ್ಷ ನೆಲದ ಮೇಲೆ ನೆಟ್ಟಗೆ ನಡೆದುಕೊಂಡಿದ್ದ ಒಬ್ಬ ಗಂಡನನ್ನು ಒಂದೇ ಬೆಳಗ್ಗೆ ಏಣಿ ಹತ್ತಿಸಲು ಅಷ್ಟೇ ಸಾಕಾಯಿತು.

ಓಡೆನ್ಸೆ ಊರಿನ ಆ ಓಣಿಯ ಇಟ್ಟಿಗೆ ಮನೆಗಳಿಗೆಲ್ಲ ಹೋದ ಬೇಸಿಗೆಯಲ್ಲಿ ಹೊಸ ಕಿಟಕಿ, ಗೋಡೆಗೆ ದಪ್ಪ ಹೊದಿಕೆ ಬಂದಿದ್ದವು. ಬಿಸಿ ಹೊರಗೆ ಸೋರಬಾರದು, ಸರಿ. ಒಳಗಿದ್ದವರಿಗೆ ಒಳ್ಳೆಯ ಗಾಳಿ ಎಲ್ಲಿಂದ ಬರಬೇಕು? ಈ ಪ್ರಶ್ನೆ ಹಿಡಿದು ಐದಾರು ದೇಶಗಳ ಸಂಶೋಧಕರು ಒಟ್ಟಾಗಿ ಮನೆಮನೆಯ ಗಾಳಿ ಅಳೆಯುತ್ತಿದ್ದರು. ಎದುರುಮನೆಯವರನ್ನು ಆರಿಸಿಕೊಳ್ಳುತ್ತಾರಂತೆ ಎಂಬ ಸುದ್ದಿ ಕೇಳಿದ್ದೇ ಲೌಸ್ಟ್ ಹೊಟ್ಟೆ ಉರಿಸಿಕೊಂಡು, ಮಳೆಯಲ್ಲೇ ಸೈಕಲ್ ತುಳಿದು, ತನ್ನ ಹೆಸರು ಕೊಟ್ಟು ಬಂದಿದ್ದ. ಡಬ್ಬಿ ಅವನ ಮನೆಗೇ ಬಂತು. ಡಬ್ಬಿಯ ಹಿಂದೆಯೇ ದುವಾರ್ತೆ ಬಂದ.

ದುವಾರ್ತೆ ಪೋರ್ಚುಗಲ್ಲಿನ ಹುಡುಗ. ತಲೆಯ ತುಂಬ ಗುಂಗುರು ಕೂದಲು. ಬಿಸಿ ಆಲೂಗಡ್ಡೆಯನ್ನು ಬಾಯಲ್ಲಿ ಆ ಕಡೆ ಈ ಕಡೆ ಹೊರಳಿಸಿದ ಹಾಗೆ ಡೇನಿಷ್ ಮಾತಾಡುತ್ತಿದ್ದ. ಅದನ್ನು ಕೇಳಿ ಲೌಸ್ಟ್‌ನ ಹೆಂಡತಿ ಮೆರೆಟೆ ಮನಸಾರೆ ನಗುತ್ತಿದ್ದಳು. ನಗಲಿ ಬಿಡಿ ಅನ್ನಬಹುದಿತ್ತು. ಆದರೆ ಅವನು ವಾರಕ್ಕೊಮ್ಮೆ ಬಂದು, ಅವಳೆದುರು ಕುಳಿತು, ರಾತ್ರಿ ನಿದ್ದೆ ಹೇಗೆ ಬಂತು, ಎದ್ದಾಗ ತಲೆ ಭಾರವಿತ್ತೇ, ಮನಸ್ಸು ಹಗುರವಾಗಿತ್ತೇ ಎಂದು ವಿಚಾರಿಸುತ್ತಿದ್ದ. ಸಂಶೋಧನೆಗೆ ಅದೆಲ್ಲ ಬೇಕಿತ್ತಂತೆ. ಮೆರೆಟೆ ಕಣ್ಣು ಮುಚ್ಚಿ, ನೆನಪಿಸಿಕೊಂಡು, ಒಂದೊಂದಕ್ಕೂ ವಿವರವಾಗಿ ಉತ್ತರ ಕೊಡುತ್ತಿದ್ದಳು. ಪಕ್ಕದಲ್ಲಿದ್ದ ಲೌಸ್ಟ್‌ನಿಗೆ ಇವು ತಾನು ಕೇಳಬೇಕಾಗಿದ್ದ ಪ್ರಶ್ನೆಗಳಲ್ಲವೇ ಅನ್ನಿಸುತ್ತಿತ್ತು. ಒಮ್ಮೆ ಅವನೂ ಕೇಳಿ ನೋಡಿದ. ನಿನಗೇನು ಹುಷಾರಿಲ್ಲವೇ ಎಂದು ಅವಳು ಅವನ ಹಣೆ ಮುಟ್ಟಿ ನೋಡಿದಳು.

ಡಬ್ಬಿಯ ಲೆಕ್ಕ ಲೌಸ್ಟ್‌ನ ಫೋನಿಗೂ ಬರುತ್ತಿತ್ತು. ಕೋಣೆ ಖಾಲಿಯಿದ್ದರೆ ಗೆರೆ ಚಾಪೆಯಂತೆ ಮಲಗಿರುತ್ತಿತ್ತು. ರಾತ್ರಿ ಗಂಡ ಹೆಂಡತಿ ಮಲಗಿದ ಮೇಲೆ ಮೆಲ್ಲಗೆ ಏರುತ್ತಿತ್ತು. ಆ ಗುರುವಾರ ಬೆಳಗ್ಗೆ, ಹಾಸಿಗೆ ಅಂಗಡಿಯಲ್ಲಿ ಗಿರಾಕಿಗೆ ಕಾಯುತ್ತ ಲೌಸ್ಟ್ ಫೋನ್ ನೋಡಿದರೆ ಗೆರೆ ಎದ್ದು ನಿಂತಿತ್ತು. ದಂತವೈದ್ಯರ ಬಳಿ ಕೆಲಸ ಮಾಡುವ ಮೆರೆಟೆಗೆ ಗುರುವಾರ ರಜೆ. ಮಲಗಿರಬಹುದು ಅಂದುಕೊಂಡ. ಗೆರೆ ಇನ್ನೂ ಏರಿತು.

ಅವನ ಜೊತೆ ಕೆಲಸ ಮಾಡುವ ಗೊರ್ಮ್ ಹಿಂದಿನಿಂದ ಬಗ್ಗಿ ನೋಡಿದ. ಇಪ್ಪತ್ತು ವರ್ಷ ಹಾಸಿಗೆ ಮಾರಿದವನಾದ್ದರಿಂದ ಹಾಸಿಗೆಯ ಮೇಲೆ ನಡೆಯುವುದೆಲ್ಲ ತನಗೆ ಗೊತ್ತು ಎಂಬ ಭ್ರಮೆ ಅವನಿಗಿತ್ತು. ನಿನ್ನೆ ರಾತ್ರಿಯ ಗೆರೆಯನ್ನೂ ಇವತ್ತಿನದನ್ನೂ ಪಕ್ಕಪಕ್ಕ ಇಟ್ಟು ಹೋಲಿಸಿದ.

"ನೋಡು ಮಾರಾಯ, ನಾನು ಇದ್ದದ್ದು ಇದ್ದ ಹಾಗೆ ಹೇಳ್ತೀನಿ. ಇದು ಒಬ್ಬರ ಉಸಿರಲ್ಲ."

ಹತ್ತಿರದಲ್ಲೇ ಒಂದು ಹಾಸಿಗೆಯ ಮೇಲೆ ಮಲಗಿ ಪರೀಕ್ಷಿಸುತ್ತಿದ್ದ ಮುದುಕಿಯೊಬ್ಬಳು ತಲೆ ಎತ್ತಿ, ತನಗೂ ತೋರಿಸಬೇಕೆಂದಳು. ಕನ್ನಡಕ ಹಾಕಿಕೊಂಡು ನೋಡಿ, ಇಷ್ಟು ಹೊತ್ತಿನಲ್ಲಿ ಇಬ್ಬರು ಹಾಸಿಗೆಯಲ್ಲಿದ್ದಾರೆ ಅಂದರೆ ಇಬ್ಬರಿಗೂ ಜ್ವರ ಬಂದಿರಬೇಕು, ಇಲ್ಲವಾದರೆ ಇಬ್ಬರೂ ಬಹಳ ಚೆನ್ನಾಗಿದ್ದಾರೆ ಅಂತ ಅರ್ಥ ಎಂದು ಹೇಳಿ ಮತ್ತೆ ಮಲಗಿದಳು. ಲೌಸ್ಟ್ ಮೆರೆಟೆಗೆ ಫೋನ್ ಮಾಡಿದ. ಗಂಟೆ ಬಡಿದು ಬಡಿದು ನಿಂತಿತು.

ಅವನು ಸೈಕಲ್ ಹತ್ತಿದ. ಇಂಥ ಕೆಲಸಕ್ಕೆ ಸಾಕ್ಷಿ ಬೇಕಾಗುತ್ತದೆಂದು ಗೊರ್ಮ್ ಕೂಡ ಅಂಗಡಿಯನ್ನು ಮುದುಕಿಯ ವಶಕ್ಕೆ ಬಿಟ್ಟು ಹಿಂದೆ ಹೊರಟ. ಎದುರುಗಾಳಿ, ಓರೆ ಮಳೆ. ದಾರಿಯುದ್ದಕ್ಕೂ ಗೊರ್ಮ್ ತನಗೆ ಗೊತ್ತಿದ್ದ ಮುರಿದ ಮದುವೆಗಳ ಕತೆಗಳನ್ನು ಧೈರ್ಯ ತುಂಬಲೆಂದು ಹೇಳುತ್ತ ಬಂದ.

ಓಣಿಯಲ್ಲಿ ದುವಾರ್ತೆಯ ವ್ಯಾನು ನಿಂತಿತ್ತು. ಗೋಡೆಗೆ ಗೋಡೆ ಅಂಟಿಕೊಂಡ ಪಕ್ಕದ ಮನೆಯ ವಿಧವೆ ರಿಗ್ಮೋರ್ ಮಳೆಯಂಗಿ ತೊಟ್ಟು ಬೇಲಿ ಕತ್ತರಿಸುತ್ತಿದ್ದಳು. ಲೌಸ್ಟ್ ಏನೂ ಕೇಳದಿದ್ದರೂ ಅವಳೇ ಹೇಳಿದಳು. ಆ ಗುಂಗುರು ಕೂದಲಿನವನು ಬೆಳಗ್ಗೆಯೇ ಬಂದ. ಇಬ್ಬರೂ ಸೇರಿ ಏನೋ ಭಾರವಾದದ್ದನ್ನು ಮಹಡಿಗೆ ಹೊತ್ತರು. ಆಮೇಲೆ ಮಲಗುವ ಕೋಣೆಯ ಪರದೆ ಎಳೆದರು. ಮಧ್ಯಾಹ್ನದವರೆಗೆ ಯಾರೂ ಬಾಗಿಲು ತೆರೆಯಬಾರದೆಂದು ಮೆರೆಟೆಯೇ ಹೇಳಿದ್ದಾಳೆ.

"ಏಣಿ ಇದೆಯಾ?" ಎಂದ ಲೌಸ್ಟ್.

"ಗೋಡೆಗೆ ಒರಗಿಸಿಟ್ಟಿದ್ದೀನಲ್ಲ," ಎಂದಳು ರಿಗ್ಮೋರ್.

ಗೊರ್ಮ್ ಏಣಿ ಹಿಡಿದುಕೊಂಡ. ಲೌಸ್ಟ್ ಹತ್ತಿದ. ಪರದೆಯ ಸಂದಿಯಿಂದ ನೋಡಿದರೆ ಹಾಸಿಗೆಯ ಮೇಲೆ ಎರಡು ಹೊದಿಕೆ, ಎರಡು ತಲೆ. ತನ್ನ ದಿಂಬಿನ ಮೇಲಿದ್ದವನ ಕುತ್ತಿಗೆಯ ಬಳಿ ನೀಲಿ ಪಟ್ಟೆ ಕಂಡಿತು. ಅದು ತನ್ನದೇ ಪೈಜಾಮದ ಅಂಗಿ. ಹೆಂಡತಿ, ಹಾಸಿಗೆ, ದಿಂಬು ಎಲ್ಲವನ್ನೂ ಹೇಗೋ ಸಹಿಸಬಹುದಿತ್ತೇನೋ. ಆ ಅಂಗಿಯನ್ನು ನೋಡಿ ಅವನ ತಲೆ ಕೆಟ್ಟಿತು. ರಿಗ್ಮೋರ್ ಕೆಳಗಿನಿಂದ ಕತ್ತರಿ ಚಾಚಿದಳು. ಅದನ್ನು ಕಿಟಕಿಯ ಸಂದಿಗೆ ತೂರಿಸಿ ಮೀಟಿದಾಗ ಒಳಗೆ ಅಂಟಿಸಿದ್ದ ಟೇಪು ಪರಪರ ಹರಿದು ಕಿಟಕಿ ತೆರೆದುಕೊಂಡಿತು. ಲೌಸ್ಟ್ ತಲೆ ಕೆಳಗಾಗಿ ತನ್ನದೇ ಕೋಣೆಯೊಳಗೆ ಬಿದ್ದ.

"ಏಳೋ ಮೇಲೆ," ಎನ್ನುತ್ತ ಹೊದಿಕೆ ಕಿತ್ತೆಸೆದು, ಅಂಗಿಯ ಕೊರಳಪಟ್ಟಿ ಹಿಡಿದು ಎಳೆದ. ತಲೆ ಕಳಚಿ ಕೈಗೆ ಬಂತು.

ಅದು ಬಟ್ಟೆಯ ತಲೆ. ಮುಂಡ ಬಿಸಿಯಾಗಿತ್ತು, ಅದರಿಂದ ವಿದ್ಯುತ್ ತಂತಿ ಹೊರಟಿತ್ತು. ಬಾಯಿಯ ಜಾಗದಲ್ಲಿದ್ದ ಕೊಳವೆಯ ಇನ್ನೊಂದು ತುದಿ ಮಂಚದ ಪಕ್ಕದ ಅನಿಲದ ಸಿಲಿಂಡರಿಗೆ ಸೇರಿತ್ತು. ಎರಡನೆಯದೂ ಬೊಂಬೆಯೇ.

ಸದ್ದು ಕೇಳಿ ಮೆರೆಟೆ, ದುವಾರ್ತೆ ಇಬ್ಬರೂ ಕಾಫಿ ಕಪ್ಪು ಹಿಡಿದುಕೊಂಡೇ ರಿಗ್ಮೋರಳ ಅಡುಗೆಮನೆಯಿಂದ ಓಡಿಬಂದರು. ಬಿಗಿಯಾಗಿ ಮುಚ್ಚಿದ ಮನೆಯಲ್ಲಿ ಇಬ್ಬರು ಮಲಗಿದರೆ ಗಾಳಿ ಎಷ್ಟು ಕೆಡುತ್ತದೆಂದು ನೋಡಲು ಬೊಂಬೆಗಳಿಂದ ಉಸಿರಾಡಿಸುತ್ತಿದ್ದರು. ಮನೆಯಲ್ಲಿ ನಿಜವಾದ ಮನುಷ್ಯರು ಇರಬಾರದೆಂದು ಪಕ್ಕದ ಮನೆಗೆ ಹೋಗಿದ್ದರು. ಮೆರೆಟೆ ಗಂಡನಿಗೆ ಹೇಳುವುದನ್ನೂ ಮರೆತಿದ್ದಳು, ಫೋನನ್ನೂ ಇಲ್ಲೇ ಮರೆತಿದ್ದಳು. ಇದೆಲ್ಲ ಮೊದಲೇ ಯಾಕೆ ಹೇಳಲಿಲ್ಲವೆಂದು ಲೌಸ್ಟ್ ಕಿಟಕಿಯಿಂದ ಕೆಳಗಿದ್ದ ರಿಗ್ಮೋರಳನ್ನು ಕೇಳಿದ್ದಕ್ಕೆ, ಗಂಡ ಹೆಂಡತಿ ವಿಷಯದಲ್ಲಿ ಬಾಯಿ ಹಾಕುವ ಅಭ್ಯಾಸ ತನಗಿಲ್ಲವೆಂದಳು.

"ಮತ್ತೆ ನನ್ನ ಅಂಗಿ?" ಎಂದ ಲೌಸ್ಟ್.

"ಬರಿಮೈಲಿ ಮಲಗಿಸೋಕೆ ನನಗೇ ಒಂಥರಾ ಆಯ್ತು ಕಣೋ," ಎಂದಳು ಮೆರೆಟೆ.

ಲೌಸ್ಟ್‌ನಿಗೆ ಎದೆಯ ಮೇಲಿಂದ ಕಲ್ಲು ಇಳಿಸಿದಂತಾಯಿತು. ತಲೆಯಿಲ್ಲದ ಬೊಂಬೆಯನ್ನು ತಬ್ಬಿಕೊಂಡೇಬಿಟ್ಟ. ಬೆಳಗಿನ ಕೆಲಸವೆಲ್ಲ ಹಾಳಾಗಿದ್ದರೂ ದುವಾರ್ತೆ ಸಿಟ್ಟಾಗಲಿಲ್ಲ. ಪಾಪ, ಸಮಾಧಾನ ಮಾಡಲೆಂದೇ ತನ್ನ ಕಂಪ್ಯೂಟರು ತೆರೆದು ತೋರಿಸಿದ.

"ಬೇಜಾರು ಬೇಡ ಲೌಸ್ಟ್. ಬೊಂಬೆಗೆ ಉಸಿರು ಕಲಿಸಿದ್ದು ನಿಮ್ಮದೇ ಒಂದು ರಾತ್ರಿಯ ಗೆರೆ ನೋಡಿ. ಇಬ್ಬರೂ ಎಷ್ಟು ಚಂದ ಉಸಿರಾಟ. ಹೋದ ತಿಂಗಳು, ಕೊನೇ ಶನಿವಾರ."

ಮೆರೆಟೆ ಕಪ್ಪನ್ನು ಕೆಳಗಿಟ್ಟಳು.

"ಕೊನೇ ಶನಿವಾರ ನಾನು ರೀಬೆಯಲ್ಲಿ ಅಕ್ಕನ ಮನೇಲಿದ್ದೆ," ಎಂದಳು.

ಗೊರ್ಮ್ ಸದ್ದಿಲ್ಲದೆ ಏಣಿ ಹತ್ತಿ ಕಿಟಕಿಗೆ ಮುಖ ತಂದ.

ಲೌಸ್ಟ್ ತಡವರಿಸಿದ. ಕೊನೆಗೆ ನಿಜ ಹೇಳಿದ. ಅವತ್ತು ವಿಪರೀತ ಚಳಿ. ಮಂಚದ ಮೇಲಿನ ಗಾಳಿಕಿಂಡಿ ನೆತ್ತಿಗೇ ತಣ್ಣಗೆ ಊದುತ್ತಿತ್ತು. ಬಿಸಿಯೂ ವ್ಯರ್ಥ ಹೋಗುತ್ತದೆಂದು ಅದಕ್ಕೆ ಉಣ್ಣೆಯ ಕಾಲುಚೀಲ ತುರುಕಿ ಮಲಗಿದ್ದ. ಅದಕ್ಕೇ ಒಬ್ಬನ ಉಸಿರು ಇಬ್ಬರದ್ದರಷ್ಟು ಸೇರಿಕೊಂಡಿರಬೇಕು. ಸಂಶೋಧನೆಯವರಿಗೆ ತಿಳಿಯಬಾರದೆಂದು ಬೆಳಗ್ಗೆ ಎದ್ದು ತೆಗೆದಿಟ್ಟಿದ್ದ.

"ಕಾಲುಚೀಲ," ಎಂದಳು ಮೆರೆಟೆ. "ಅವಳಿಗೆ ಹೆಸರಿಲ್ವಾ?"

ಲೌಸ್ಟ್ ಆಣೆ ಹಾಕಿದ. ಗೊರ್ಮ್ ಕಿಟಕಿಯಿಂದ, ನಂಬುವುದು ಕಷ್ಟ ಎಂಬಂತೆ ತಲೆಯಾಡಿಸಿದ. ದುವಾರ್ತೆಯ ಕಣ್ಣು ಮಾತ್ರ ಹೊಳೆಯಿತು. ಜನ ಗುಟ್ಟಾಗಿ ಗಾಳಿಕಿಂಡಿ ಮುಚ್ಚುತ್ತಾರೆಂದು ಎಲ್ಲ ದೇಶದ ಸಂಶೋಧಕರಿಗೂ ಅನುಮಾನವಿದೆ, ಒಪ್ಪಿಕೊಂಡವರು ಯಾರೂ ಇಲ್ಲ. ಲೌಸ್ಟ್ ಈಗಲೇ ಕಾಲುಚೀಲ ತುರುಕಿ ಒಬ್ಬನೇ ಮಲಗಲಿ, ಗೆರೆ ಇಬ್ಬರಷ್ಟು ಏರಿದರೆ ಅವನು ನಿರಪರಾಧಿ. ತನ್ನ ಸಂಶೋಧನೆಯ ಬರಹಕ್ಕೂ ಹೊಸ ವಿಷಯ ಸಿಕ್ಕಿತು ಎಂದ. ಮೆರೆಟೆ ಒಪ್ಪಿದಳು.

ಬೊಂಬೆಗಳನ್ನೂ ಸಿಲಿಂಡರನ್ನೂ ಹೊರಗೆ ಸಾಗಿಸಿದರು. ಕೋಣೆಗೆ ಗಾಳಿಯಾಡಿಸಿ, ಗಾಳಿಕಿಂಡಿಗೆ ಕಾಲುಚೀಲ ತುರುಕಿ, ಲೌಸ್ಟ್‌ನಿಗೆ ಅವನ ಪಟ್ಟೆ ಅಂಗಿ ತೊಡಿಸಿ ಮಲಗಿಸಿ, ಕಿಟಕಿಗೂ ಬಾಗಿಲಿಗೂ ಟೇಪು ಅಂಟಿಸಿ, ಎಲ್ಲರೂ ರಿಗ್ಮೋರಳ ಮನೆಗೆ ಹೋದರು.

ಮೊದಲು ಅವನು ಅಲುಗಾಡದೆ ಮಲಗಿದ್ದ. ಗೋಡೆಯಾಚೆ ಕಪ್ಪುಗಳ ಸದ್ದು, ಗೊರ್ಮನ ಕತೆ, ಬಿಸಿ ಆಲೂಗಡ್ಡೆಯ ಡೇನಿಷ್. ಆಮೇಲೆ ಮೆರೆಟೆಯ ನಗು. ಮದುವೆಯಾದ ಹೊಸತರಲ್ಲಿ ಅವಳು ಹೀಗೆ ನಗುತ್ತಿದ್ದಳು. ಲೌಸ್ಟ್ ಎದ್ದು ಗೋಡೆಗೆ ಕಿವಿ ಒತ್ತಿದ. ನಗು ನಿಂತಿತು. ಯಾಕೆ ನಿಂತಿತು? ನಗುವಿಗಿಂತ ಮೌನವೇ ಹೆಚ್ಚು ಉರಿಸಿತು. ಗೋಡೆಯಿಂದ ಕಿಟಕಿಗೆ, ಕಿಟಕಿಯಿಂದ ಗೋಡೆಗೆ ಓಡಾಡಿದ. ಮಂಚದ ಮೇಲೆ ಹತ್ತಿ ಕೇಳಿದ, ಇಳಿದು ಬಗ್ಗಿ ಕೇಳಿದ, ಮತ್ತೆ ಹತ್ತಿದ. ಕಮ್ಮಾರನ ತಿದಿಯಂತೆ ಏದುಸಿರು ಬಿಡುತ್ತ ನಿಂತ.

ಮೆಟ್ಟಿಲ ಮೇಲೆ ಹೆಜ್ಜೆ ಸದ್ದಾಯಿತು. ಬಾಗಿಲಿನಾಚೆ ಮೆರೆಟೆ ನಿಂತಳು.

"ಲೌಸ್ಟ್, ಗೆರೆ ಇಬ್ಬರನ್ನು ದಾಟಿ ಮೂವರ ಹತ್ತಿರ ಬಂದಿದೆಯಂತೆ. ಒಳಗೆ ಯಾರ್ಯಾರಿದ್ದೀರಿ?"

ಉತ್ತರ ಹೇಳೋಣವೆಂದರೆ ಅದಕ್ಕೂ ಉಸಿರು ಬಿಡಬೇಕು, ಗೆರೆ ಇನ್ನೂ ಏರುತ್ತದೆ. ಲೌಸ್ಟ್ ಹಾಸಿಗೆಗೆ ಬಿದ್ದು, ಹೊದಿಕೆ ಎಳೆದುಕೊಂಡು, ಮೂಗು ಬಾಯಿ ಎರಡನ್ನೂ ಗಟ್ಟಿಯಾಗಿ ಮುಚ್ಚಿಕೊಂಡ.